ಬಸುರಿಯ ಗಂಡನ ತಲೆ

ಆಲ್ದೂರು ಹತ್ತಿರದ ತೋಟದಿಂದ
೮ ಮಾರ್ಚ್ ೧೯೩೬

ಕೃಷ್ಣಪ್ಪ ಭಾವನಿಗೆ,

ಇಲ್ಲಿ ಸರ್ವರೂ ಕ್ಷೇಮ ಎಂದು ಬರೆದು ಕಾಗದ ಶುರು ಮಾಡಬೇಕಂತೆ. ಸರ್ವರೂ ಅಲ್ಲ. ನನ್ನ ತಲೆ ಕ್ಷೇಮವಾಗಿಲ್ಲ.

ನೀನು ನೋಡಿದ್ದ ಕ್ರಾಪು ಈಗಿಲ್ಲ. ಕ್ರಾಪು ಹೋಗಿ ಜುಟ್ಟು ಬರುವುದರ ನಡುವೆ ಏನಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹಿಂದುಗಡೆ ಕೂದಲು ಕಾಲರಿಗೆ ತಾಗಿ ಹುಂಜದ ಬಾಲದ ಹಾಗೆ ಮೇಲಕ್ಕೆ ತಿರುಗಿದೆ. ಕಿವಿಗಳ ಮೇಲೆ ಸೂರಿನ ಹುಲ್ಲು ಜಾರಿದ ಹಾಗೆ ಜಾರಿದೆ. ಮುಂದಿನದು ಕಣ್ಣಿಗೆ ಬೀಳುತ್ತದೆ. ಕಿವಿಯ ಹಿಂದೆ ಸಿಕ್ಕಿಸೋಣವೆಂದರೆ ಅಲ್ಲಿಗೆ ಮುಟ್ಟುವುದಿಲ್ಲ. ಎಣ್ಣೆ ಹಚ್ಚಿದರೆ ಹಣೆಯಿಂದ ಇಳಿದು ಹಾಜರಿ ಪುಸ್ತಕದ ಮೇಲೆ ತೊಟ್ಟಿಕ್ಕುತ್ತದೆ. ಹಚ್ಚದಿದ್ದರೆ ಗೂಬೆ ಬಂದು ಮೊಟ್ಟೆಯಿಡಬಹುದು. ಭಾನುವಾರ ಆಳುಗಳ ಲೈನಿಗೆ ಬರುವ ಕ್ಷೌರದ ಚಿಕ್ಕಯ್ಯ ನನ್ನನ್ನು ಕಂಡರೆ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಆ ಕಡೆ ಹೋಗುತ್ತಾನೆ. ಬಸುರಿಯ ಗಂಡನ ತಲೆಗೆ ಕತ್ತರಿ ತಾಗಿಸಿದರೆ ಅವನ ಕೈಗೂ ದೋಷವಂತೆ.

ಕಷ್ಟ ಅದಲ್ಲ. ಮನೆಯಲ್ಲಿ ಹೆಂಡತಿ ಬಸುರಿ ಎಂದು ನಾನು ಯಾರಿಗೂ ಹೇಳಬೇಕಾಗಿಲ್ಲ, ತಲೆಯೇ ಹೇಳಿಬಿಡುತ್ತದೆ. ಕಾಫಿ ಗಿಡ ಸವರುವ ಕಸಿ ಕೆಲಸದ ಹುಚ್ಚಮ್ಮ ಮೊನ್ನೆ ಎಲ್ಲ ಹೆಣ್ಣಾಳುಗಳ ಮುಂದೆ, "ರೈಟ್ರೇ, ಕಾಫಿ ಹೂ ಬಿಡೋ ಹೊತ್ತಿಗೆ ನಿಮಗೂ ಮುಡಿಸ್ಬಹುದು ಬಿಡಿ" ಅಂದಳು. ಆ ಸಾಲಿನ ಕೆಲಸ ಅರ್ಧ ಗಂಟೆ ನಿಂತಿತು. ಹೆಡ್ ರೈಟರ್ ಶಿವಯ್ಯನವರು, ತೋಟದ ಬಿಳಿ ದೊರೆ ಕೇಳಿದರೆ ತಿರುಪತಿ ಹರಕೆ ಎಂದು ಹೇಳಿಬಿಡು ಎಂದಿದ್ದರು. ದೊರೆ ಕೇಳಿದ. ನಾನು ಇದ್ದದ್ದನ್ನೇ ಹೇಳಿದೆ. ನಿನ್ನ ಕೂದಲಿಗೂ ಅದಕ್ಕೂ ಏನು ಸಂಬಂಧ ಎಂದ. ನನಗೂ ಗೊತ್ತಿಲ್ಲ ಎಂದೆ.

ನಿಜವಾಗಿಯೂ ಗೊತ್ತಿಲ್ಲ. ಹೋದ ವರ್ಷ ಮಗು ನಿಲ್ಲಲಿಲ್ಲ. ಆಗ ನಾನು ತಿಂಗಳಿಗೊಮ್ಮೆ ಕ್ರಾಪು ಮಾಡಿಸುತ್ತಿದ್ದೆ. ಅದರಿಂದಲೇ ಹಾಗಾಯಿತು ಎಂದು ನಾನು ನಂಬುವುದಿಲ್ಲ. ಬೇಕಾದರೆ ಇದನ್ನು ಅತ್ತೆಯವರ ಮುಂದೆಯೇ ಓದು. ಆದರೆ ನಿನ್ನ ತಂಗಿ ನಂಬುತ್ತಾಳೆ. ನಿಮ್ಮಲ್ಲಿಗೆ ಹೊರಟ ದಿನ ಗಾಡಿ ಹತ್ತುವ ಮುಂಚೆ ನನ್ನ ತಲೆ ನೋಡಿ, "ಈ ಸಲ ಮುಟ್ಟಿಸ್ಬೇಡಿ" ಅಂದಳು. ಅಷ್ಟೇ ಅಂದದ್ದು. ಅವಳ ಹೊಟ್ಟೆಯೊಳಗೆ ನಡೆಯುತ್ತಿರುವುದಕ್ಕೆ ನಾನು ಮಾಡಬಹುದಾದ ಕೆಲಸ ಇದೊಂದೇ. ಅದೂ ಏನನ್ನೂ ಮಾಡದೆ ಇರುವ ಕೆಲಸ.

ಅವಳು ಊಟ ಮಾಡುತ್ತಾಳೆಯೇ, ಬರೆ.

ನಿನ್ನ
ಚನ್ನಕೇಶವ


ಕಳಸದ ಹೊಳೆಯಾಚೆ
೨೬ ಮಾರ್ಚ್ ೧೯೩೬

ಚನ್ನಕೇಶವ ಭಾವನಿಗೆ,

ನಿನ್ನ ಕಾಗದವನ್ನು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿದೆ. ಮನೆಯಲ್ಲಿ ಓದು ಬರುವವನು ನಾನೊಬ್ಬನೇ ತಾನೆ. ನೀನು ನಂಬುವುದಿಲ್ಲ ಎಂಬ ಸಾಲು ಬಂದಾಗ ನುಂಗಿಬಿಡೋಣ ಎನಿಸಿತು. ಆದರೆ ಓದೆಂದು ಬರೆದಿದ್ದೀಯಲ್ಲ, ಓದಿದೆ. ಅಮ್ಮ ಎದ್ದು ಕೊಟ್ಟಿಗೆಗೆ ಹೋದಳು. ತಂಗಿ ಮಾತ್ರ ಹುಂಜದ ಬಾಲಕ್ಕೆ ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶಾಲೆಯಲ್ಲಿ ಇನ್ಸ್‌ಪೆಕ್ಟರು ಬಂದಾಗ, ಈ ಪ್ರಶ್ನೆಗಳನ್ನೆಲ್ಲ ಮೇಷ್ಟರು ನಿನ್ನೆಯೇ ಹೇಳಿಕೊಟ್ಟಿದ್ದಾರೆ ಸ್ವಾಮಿ ಎಂದು ಎದ್ದು ನಿಂತು ಹೇಳಿದವನು ನೀನು. ಹೆಡ್‌ಮಾಸ್ಟರು ಕ್ಷಮೆ ಕೇಳು ಎಂದರೆ ಸ್ಲೇಟು ತೆಗೆದುಕೊಂಡು ಮನೆಗೆ ಹೋದೆ. ನಿನಗೆ ಇನ್ನು ಬುದ್ಧಿ ಬರುತ್ತದೆ ಎಂಬ ಆಸೆ ನಾನು ಬಿಟ್ಟಿದ್ದೇನೆ ಮಾರಾಯ.

ತಂಗಿ ಹೇಳಿ ಬರೆಸುವುದು: ಊಟ ಮಾಡುತ್ತಾಳೆ. ಮುಂದಲೆಯ ಕೂದಲನ್ನು ಕೆಳಗೆ ಎಳೆದರೆ ಈಗ ಎಲ್ಲಿಗೆ ಬರುತ್ತದೆ ಎಂದು ಪ್ರತಿ ಕಾಗದದಲ್ಲೂ ಬರೆಯಬೇಕಂತೆ. ಒಳಗಿರುವುದು ಬೆಳೆಯುವುದು ಅವಳಿಗೆ ಕಾಣುವುದಿಲ್ಲ, ನಿನ್ನದಾದರೂ ಬೆಳೆಯುವುದು ತಿಳಿಯಲಿ ಎನ್ನುತ್ತಾಳೆ. ನಿನ್ನ ತಂದೆಯವರ ಕೆಮ್ಮು ಹೇಗಿದೆ, ಮಾವ ಮೆಣಸಿನ ಕಷಾಯ ಬಿಡದೆ ಕುಡಿಯುತ್ತಾರೆಯೇ ಎಂದು ಕೇಳಿದಳು.

ಅಮ್ಮ ಹೇಳಿ ಬರೆಸುವುದು: ಹಾವು ಕಂಡರೆ ಹೊಡೆಯಬಾರದು. ಹೆಣ ಹೊರಬಾರದು. ಕತ್ತರಿ, ಕತ್ತಿ ಯಾವುದೂ ತಲೆಗೆ ತಾಗಬಾರದು. ಮಿಕ್ಕದ್ದು ದೇವರದು.

ಇಂತಿ
ಕೃಷ್ಣಪ್ಪ


ತೋಟದಿಂದ
೨೦ ಏಪ್ರಿಲ್ ೧೯೩೬

ಕೃಷ್ಣಪ್ಪ ಭಾವನಿಗೆ,

ಮೂಗಿನ ತುದಿಗೆ ಬಂದಿದೆ. ಮೊದಲು ಇದನ್ನು ಅವಳಿಗೆ ಓದಿ ಹೇಳಿಬಿಡು.

ಇದಕ್ಕಿಂತ ಕೆಟ್ಟ ಅಳತೆ ಇನ್ನೊಂದಿಲ್ಲ. ತುಟಿ ದಾಟಿದರೆ ಗಂಟು ಹಾಕಬಹುದು, ಹುಬ್ಬಿನಲ್ಲಿದ್ದಾಗ ಊದಿದರೆ ಹೋಗುತ್ತಿತ್ತು. ಈಗ ಏನು ಮಾಡಿದರೂ ಮುಖದ ಮೇಲೆಯೇ. ಮರಗಸಿ ನಡೆಯುತ್ತಿದೆ, ಮೇಲೆ ಕೊಂಬೆ ಕಡಿಯುವಾಗ ಕೆಳಗೆ ನಿಂತು ಲೆಕ್ಕ ಬರೆಯುವವನ ತಲೆಗೆ ಚಿಗಳಿ ಇರುವೆ ಉದುರುತ್ತದೆ. ಮೊದಲು ಕೊಡವಿಕೊಂಡರೆ ಹೋಗುತ್ತಿದ್ದವು, ಈಗ ಒಳಗೆ ದಾರಿ ಮಾಡಿಕೊಂಡಿವೆ. ಮೇಸ್ತ್ರಿ ಗಿಡ್ಡಪ್ಪ ಬಾಳೆನಾರು ಕೊಟ್ಟ, ಹಣೆಗೆ ಕಟ್ಟಿಕೊಂಡೆ. ದೊರೆ ಕುದುರೆಯ ಮೇಲೆ ಬಂದವನು ನನ್ನನ್ನು ನೋಡಿ ಏನೂ ಅನ್ನದೆ ಹೋದ. ಬೈದಿದ್ದರೆ ವಾಸಿಯಿತ್ತು.

ಯುಗಾದಿಗೆ ಮೂಡಿಗೆರೆ ಕಡೆ ನಮ್ಮ ಮನೆಗೆ ಹೋಗಿದ್ದೆ. ಅಪ್ಪ ನನ್ನನ್ನು ನೋಡಿ, "ಸುಬ್ಬಣ್ಣಾ, ಕೋವಿ ತಗಂಬಾ, ಕರಡಿ ಅಂಗಳಕ್ಕೇ ಬಂತು" ಎಂದು ಅಣ್ಣನನ್ನು ಕೂಗಿದರು. ಆಮೇಲೆ ತಾವೇ ಬಾಚಣಿಗೆ ತಂದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಹರಳೆಣ್ಣೆ ಹಾಕಿ ಸಿಕ್ಕು ಬಿಡಿಸಿದರು. ಕ್ರಾಪು ಮಾಡಿಸಿದ ದಿನದಿಂದ ಅವರು ನನ್ನ ತಲೆ ಮುಟ್ಟಿರಲಿಲ್ಲ. ಮೊಮ್ಮಗು ಬರುವುದು ಹೆಚ್ಚೋ, ನನಗೆ ಕೂದಲು ಬಂದದ್ದು ಹೆಚ್ಚೋ, ಅವರ ಸಂತೋಷ ಯಾವುದಕ್ಕೆ ಎಂದು ತಿಳಿಯಲಿಲ್ಲ. ಕೆಮ್ಮು ಪೂರಾ ವಾಸಿ ಎಂದು ಸೊಸೆಗೆ ಬರಿ ಎಂದಿದ್ದಾರೆ. ವಾಸಿಯಾಗಿಲ್ಲ. ಬಾಚುವಾಗ ಎರಡು ಸಲ ಕೈ ನಿಲ್ಲಿಸಿ ಕೆಮ್ಮಿದರು. ಆದರೆ ಕಷಾಯ ಕುಡಿಯುತ್ತಾರೆ.

ಅವಳಿಗೆ ರಾತ್ರಿ ನಿದ್ದೆ ಬರುತ್ತದೆಯೇ?

ನಿನ್ನ
ಚನ್ನಕೇಶವ


ಮೂಡಿಗೆರೆ ಕಡೆಯ ಮನೆಯಿಂದ
೧೯ ಮೇ ೧೯೩೬

ಕೃಷ್ಣಪ್ಪ,

ಇದನ್ನು ಜಗಲಿಯಲ್ಲಿ ಓದಬೇಡ. ಎಲ್ಲಾದರೂ ಹೊರಗೆ ಹೋಗಿ ಒಬ್ಬನೇ ಓದು.

ಅಪ್ಪ ಹೋದರು. ಜ್ವರ ಎಂದು ಅಣ್ಣ ಹೇಳಿಕಳಿಸಿದ. ನಾನು ಬಂದ ಮೇಲೆ ಒಂದು ದಿನ ಇದ್ದರು. ಚಟ್ಟಕ್ಕೆ ಹೆಗಲು ಕೊಡಲು ಹೋದರೆ ಹಿರಿಯರು ನನ್ನನ್ನು ಹಿಂದಕ್ಕೆ ಎಳೆದರು. ಬಸುರಿಯ ಗಂಡ ಹೆಣ ಹೊರಬಾರದು. ಅಪ್ಪನ ಹಿಂದೆ ಸುಮ್ಮನೆ ನಡೆದೆ. ಯಾರ್ಯಾರೋ ಹೊತ್ತರು.

ಕರ್ಮದ ದಿನ ಕೆರೆಯ ಹತ್ತಿರ ಅಣ್ಣನ ತಲೆ ಬೋಳಿಸಿ ಆಯಿತು. ಮುಂದೆ ನಾನು. ಕ್ಷೌರದವನು ನೀರು ಚಿಮುಕಿಸಿ ಕತ್ತಿ ಎತ್ತುವಾಗ ಅತ್ತಿಗೆ ಪಾಪಮ್ಮ ಓಡಿಬಂದು, ಅಲ್ಲಿ ಹುಡುಗಿ ಬಸುರಿ, ಹೋದ ಸಲದ್ದು ಮರೆತಿರಾ ಎಂದರು. ಭಟ್ಟರು ತಂದೆ ತಾಯಿ ಹೋದರೆ ಆ ನಿಷೇಧ ಇಲ್ಲ, ಶಾಸ್ತ್ರದಲ್ಲೇ ಇದೆ ಎಂದರು. "ಶಾಸ್ತ್ರ ಹೆರಲ್ಲ ಭಟ್ರೇ, ಹೆರೋಳು ಅವ್ಳು" ಎಂದರು ಅತ್ತಿಗೆ. ದೊಡ್ಡಪ್ಪ ಕೋಲು ನೆಲಕ್ಕೆ ಕುಟ್ಟಿ, ಹೆತ್ತ ಅಪ್ಪನಿಗೆ ತಲೆ ಕೊಡದವನು ಎಂಥ ಮಗ ಎಂದರು. ಹೆಗಲು ಬೇಡ, ತಲೆ ಮಾತ್ರ ಬೇಕು. ಹೀಗೆ ಬಹಳ ಹೊತ್ತು ನನ್ನ ತಲೆಯ ಮೇಲೆ ಮಾತು ನಡೆಯಿತು. ನೀರು ಕುತ್ತಿಗೆಗೆ ಇಳಿಯುತ್ತಿತ್ತು. ಕೊನೆಗೆ ಎಲ್ಲರೂ ನನ್ನನ್ನು ನೋಡಿದರು.

ನಾನು ಹೂಂ ಅನ್ನಲಿಲ್ಲ. ಏಳಲೂ ಇಲ್ಲ. ಕ್ಷೌರದವನು ಸ್ವಲ್ಪ ಕಾದು ಶುರು ಮಾಡಿದ. ಮಡಿಲಿಗೆ ಬಿದ್ದ ಕೂದಲು ಇಷ್ಟು ಉದ್ದ ಇತ್ತೇ ಎನಿಸಿತು.

ಇದರೊಳಗೆ ಇನ್ನೊಂದು ಹಾಳೆಯಿದೆ. ಅದು ನಿನ್ನ ತಂಗಿಗೆ. ಅಪ್ಪ ಹೋದದ್ದು, ತಲೆ ಹೋದದ್ದು ಎರಡೂ ಅದರಲ್ಲಿದೆ. ಹೇಗಿದೆಯೋ ಹಾಗೇ ಓದಿ ಹೇಳು.

ಚನ್ನಕೇಶವ


ಕಳಸದ ಹೊಳೆಯಾಚೆ
೨ ಜೂನ್ ೧೯೩೬

ಭಾವ,

ಮಾವನವರ ವಿಷಯ ಓದಿ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆಗೆ ಬಂದಾಗಲೆಲ್ಲ ತಂಗಿಯ ಕೈಯಡುಗೆಯನ್ನು ಎಷ್ಟೇ ಖಾರವಿದ್ದರೂ ನೀರು ಕೇಳದೆ ಹೊಗಳುತ್ತಿದ್ದ ಮನುಷ್ಯ. ನಿನಗೆ ಏನು ಹೇಳಲಿ.

ಆ ಹಾಳೆಯನ್ನು ನಾನು ಓದಿಲ್ಲ ಭಾವ. ಅಮ್ಮನಿಗೆ ಹೇಳಿದೆ, ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು. ಸೂಲಗಿತ್ತಿ ಮರಿಯಮ್ಮನೂ ಹೆರಿಗೆಯಾಗುವವರೆಗೆ ಸಾವಿನ ಸುದ್ದಿ ಕಿವಿಗೆ ಬೀಳಬಾರದು ಎಂದಳು. ಹೋದ ಸಲ ಮಗು ಹೋದದ್ದು ಯಾವ ತಿಂಗಳಲ್ಲೋ ಅದೇ ತಿಂಗಳು ಈಗ ನಡೆಯುತ್ತಿದೆ. ತಂಗಿ ಒಂದು ಲೋಟ ನೀರು ಎತ್ತುವಾಗಲೂ ಅಮ್ಮ ಉಸಿರು ಬಿಗಿಹಿಡಿಯುತ್ತಾಳೆ.

ಅವಳು ಟಪ್ಪಾಲು ಬರುವ ದಿನ ತುಳಸಿಕಟ್ಟೆಯ ಹತ್ತಿರವೇ ನಿಂತಿರುತ್ತಾಳೆ. ತುಟಿಯವರೆಗೆ ಬಂತು ಅಂತ ಒಂದು ಸಾಲು ಬರೆದು ಕಳಿಸು. ಸಾಕು. ಸುಳ್ಳು ಹೇಳು ಅಂತಿಲ್ಲ ಮಾರಾಯ. ಮೇ ತಿಂಗಳಲ್ಲಿ ನಿಜವಾಗಿದ್ದದ್ದನ್ನು ಈಗ ಬರಿ ಅಂತಿದ್ದೇನೆ.

ಕೃಷ್ಣಪ್ಪ


ತೋಟದಿಂದ
೧೪ ಜೂನ್ ೧೯೩೬

ಕೃಷ್ಣಪ್ಪ,

ಬರೆದೆ. ತುಟಿಯವರೆಗೆ ಬಂತು ಎಂದು ಬರೆದು, ಒಣಗಲು ಬಿಟ್ಟು, ಮತ್ತೆ ಓದಿದೆ. ನನ್ನ ಅಕ್ಷರದಲ್ಲಿ ಇನ್ಯಾರೋ ಬರೆದ ಹಾಗಿತ್ತು. ಒಲೆಗೆ ಹಾಕಿದೆ.

ನೀನು ನಿಜ ಹೇಳುವವರೆಗೆ ನಾನು ಅವಳಿಗೆ ಏನನ್ನೂ ಬರೆಯುವುದಿಲ್ಲ. ಇದು ಹಟ ಎನ್ನುತ್ತೀಯ. ಹಟವೇ. ಬರೆಯದಿದ್ದರೆ ಅವಳಿಗೆ ಹೆದರಿಕೆಯಾಗುತ್ತದೆ, ನಿಜ ಬರೆದರೆ ನೀನು ಓದುವುದಿಲ್ಲ, ಸುಳ್ಳು ನನಗೆ ಬರುವುದಿಲ್ಲ. ನಾಲ್ಕನೆಯ ದಾರಿ ಇದ್ದರೆ ನೀನೇ ತೋರಿಸು. ರಜೆ ಹಾಕಿ ಬಂದುಬಿಡೋಣವೆಂದರೆ ಈ ತಲೆ ಹೊತ್ತು ಅವಳ ಮುಂದೆ ನಿಲ್ಲಬೇಕು.

ಲೈನಿನಲ್ಲಿ ನನ್ನನ್ನು ಯಾರೂ ತಮಾಷೆ ಮಾಡುತ್ತಿಲ್ಲ. ಬೋಳು ತಲೆ ನೋಡಿ, ಬಸುರು ಹೋಯಿತು ಎಂದುಕೊಂಡಿದ್ದಾರೆ. ಹುಚ್ಚಮ್ಮ ನನ್ನ ಬಾಗಿಲಲ್ಲಿ ಎರಡು ಕೋಳಿಮೊಟ್ಟೆ ಇಟ್ಟು ಮಾತಾಡದೆ ಹೊರಟಿದ್ದಳು. ಹಿಂದೆಯೇ ಹೋಗಿ, ಅದಲ್ಲ, ಅಪ್ಪ ತೀರಿಕೊಂಡರು ಎಂದೆ. "ಸದ್ಯ" ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ನನಗೆ ಕೋಪ ಬರಲಿಲ್ಲ. ನನ್ನೊಳಗೂ ಅಂಥದೊಂದು ಮಾತು ಇತ್ತೋ ಏನೋ.

ಕೂದಲು ಮುಳ್ಳಿನ ಹಾಗೆ ಬರುತ್ತಿದೆ. ದಿಂಬಿನ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಟೋಪಿ ಹಾಕಿದರೆ ಕೆರೆಯುತ್ತದೆ.

ಚನ್ನಕೇಶವ


ಕಳಸದ ಹೊಳೆಯಾಚೆ
೫ ಜುಲೈ ೧೯೩೬

ಭಾವ,

ಈ ಕಾಗದ ಮುಟ್ಟಿದ ಕೂಡಲೇ ಹೊರಟು ಬಾ. ಯಾಕೆಂದು ಹೇಳುತ್ತೇನೆ, ಬೈಯಬೇಡ.

ನಿನ್ನ ಕಾಗದವಿಲ್ಲದೆ ತಂಗಿ ಸೊರಗಿದಳು. ಹೋದ ವಾರ ನಾನು ಒಂದು ಹಳೆಯ ಕಾಗದ ಹಿಡಿದುಕೊಂಡು, ನೀನೇ ಬರೆದದ್ದೆಂದು ಬಾಯಿಗೆ ಬಂದದ್ದನ್ನು ಓದಿದೆ. ಕೂದಲು ತುಟಿ ದಾಟಿತು, ಗಂಟು ಹಾಕುತ್ತೇನೆ, ನೋಡಿದವರೆಲ್ಲ ಬಲು ಲಕ್ಷಣವಾಗಿದೆ ಎನ್ನುತ್ತಾರೆ, ಅಪ್ಪನ ಕೆಮ್ಮು ಪೂರಾ ವಾಸಿ, ಇಲ್ಲಿ ಎಲ್ಲ ಸುಖ, ನೀನು ಯೋಚನೆ ಮಾಡಬೇಡ. ಅವಳು ಕೊನೆಯವರೆಗೆ ಕೇಳಿದಳು. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ನಾನು ಕಾಗದ ಮಡಚುವಾಗ ಕೇಳಿದಳು:

"ಅವರು ಯಾವತ್ತು ತೀರ್ಕಂಡ್ರು, ಅಣ್ಣಯ್ಯ?"

ಯಾರು ಎಂದೆ. ಚೆನ್ನಾಗಿದೀನಿ ಅಂತ ಅವರು ಯಾವತ್ತೂ ಬರೆದವರಲ್ಲ, ಇದು ನೀನು ಕಟ್ಟಿದ್ದು, ಅವರು ಇದ್ದಿದ್ದರೆ ನೀನು ಯಾಕೆ ಕಟ್ಟಬೇಕು ಎಂದಳು. ಆವತ್ತಿನಿಂದ ಗೋಡೆಗೆ ಮುಖ ಹಾಕಿ ಕೂತಿದ್ದಾಳೆ. ಹೂ ತೆಗೆದಿಟ್ಟಿದ್ದಾಳೆ. ಹೊಟ್ಟೆಯಲ್ಲಿರುವುದಕ್ಕಾಗಿ ಎರಡು ತುತ್ತು ನುಂಗುತ್ತಾಳೆ, ಅಷ್ಟೆ. ಎಷ್ಟು ಆಣೆ ಹಾಕಿದರೂ, ನೀವು ಹಾಕಲೇಬೇಕಲ್ಲ ಎನ್ನುತ್ತಾಳೆ. ಇದ್ದದ್ದನ್ನು ಹೇಳಿಬಿಡುತ್ತೇನೆ ಎಂದು ನಾನು ಎದ್ದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಒಂದು ಸಾವು ಇಲ್ಲ ಅನ್ನಕ್ಕೆ ಇನ್ನೊಂದು ಸಾವು ಹೇಳ್ತೀಯೇನೋ?"

ನೀನು ಕಣ್ಣಿಗೆ ಬಿದ್ದರೆ ಮಾತ್ರ ನಂಬುತ್ತಾಳೆ. ತಲೆಗೆ ರುಮಾಲು ಬಿಗಿಯಾಗಿ ಸುತ್ತಿಕೊಂಡು ಬಾ, ಒಂದು ಗಳಿಗೆ ಕೂತು ಹೋಗು. ಹೊಳೆ ದಿನಾ ಏರುತ್ತಿದೆ. ಕಡವಿನ ಲಕ್ಕಯ್ಯ ಇನ್ನೆಷ್ಟು ದಿನ ದೋಣಿ ಬಿಡುತ್ತಾನೋ ಗೊತ್ತಿಲ್ಲ.

ಕೃಷ್ಣಪ್ಪ


ಕಳಸದಿಂದ
೧೩ ಜುಲೈ ೧೯೩೬

ಕೃಷ್ಣಪ್ಪ,

ನಾನು ನಿಂತ ದಡದಲ್ಲಿ ಏನಾಯಿತು ಎಂಬುದು ನನಗೆ ಗೊತ್ತು. ನಿಮ್ಮ ದಡದಲ್ಲಿ ಏನಾಯಿತು ಎಂದು ನೀನು ಬರೆಯಬೇಕು. ದೋಣಿ ಶುರುವಾದ ಮೇಲೆ ಈ ಕಾಗದ ನಿನಗೆ ಸೇರುತ್ತದೆ.

ಬಾಳೆಹೊನ್ನೂರಿನವರೆಗೆ ಮೋಟಾರು ಸಿಕ್ಕಿತು, ಅಲ್ಲಿಂದ ನಡೆದೆ. ಕಡವಿಗೆ ಬಂದರೆ ದೋಣಿಯನ್ನು ಆಚೆ ದಡದ ಮರಕ್ಕೆ ಕಟ್ಟಿಹಾಕಿದ್ದರು. ಭದ್ರೆ ಕೆಂಪಗೆ, ಬೇರು ಸಮೇತ ಮರ ತೇಲಿಸಿಕೊಂಡು ಹೋಗುತ್ತಿತ್ತು. ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಲಕ್ಕಯ್ಯ ಆಚೆಯಿಂದ ನೋಡಿ, ದಾಟಲಾಗದು ಎಂದು ಎರಡು ಕೈಯಾಡಿಸಿದ. ನಾನು ನಿಮ್ಮ ಮನೆಯ ಕಡೆ ಬೆರಳು ತೋರಿಸಿ ತೋರಿಸಿ ಕುಣಿದೆ. ಅವನಿಗೆ ಏನು ತಿಳಿಯಿತೋ, ಓಡಿಹೋದ.

ಮೊದಲು ನೀನು ಬಂದೆ. ಹಿಂದೆ ಅವಳು, ಅತ್ತೆಯವರು ಅವಳ ರಟ್ಟೆ ಹಿಡಿದುಕೊಂಡು. ಹೊಟ್ಟೆ ಅಷ್ಟು ದೊಡ್ಡದಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅವಳು ನಿಂತು ನನ್ನನ್ನೇ ನೋಡಿದಳು. ಮೈ ತುಂಬ ಕಂಬಳಿಕೊಪ್ಪೆ, ಒಳಗೆ ಕಿವಿ ಹುಬ್ಬು ಮುಚ್ಚುವಂತೆ ರುಮಾಲು. ಆ ಮಳೆಯಲ್ಲಿ ಅಷ್ಟು ದೂರಕ್ಕೆ ಕೊಪ್ಪೆ ಹಾಕಿದ ಗಂಡಸು ಯಾರಾದರೂ ಒಂದೇ. ನಾನು ಕೈಯೆತ್ತಿದೆ. ಅವಳು ಎತ್ತಲಿಲ್ಲ. ನಿನ್ನ ಕಡೆ ತಿರುಗಿ ಏನೋ ಕೇಳಿದಳು, ನೀನು ತಲೆಯಾಡಿಸಿದೆ. ಅವಳು ನಂಬಲಿಲ್ಲ ಎಂದು ನನಗೆ ಇಲ್ಲಿಂದಲೇ ತಿಳಿಯಿತು. ನಿಮ್ಮ ಗುರುತಿನ ಯಾವನನ್ನೋ ಕರೆಸಿ ನಿಲ್ಲಿಸಿದ್ದೀರಿ ಎಂದುಕೊಂಡಿರಬೇಕು. ಹಿಂದಕ್ಕೆ ತಿರುಗಿದಳು.

ಕೊಪ್ಪೆ ಎತ್ತಿ ಹಾಕಿದೆ. ಮುಖ ತೋರಿಸಿದೆ. ರುಮಾಲಿಗೆ ಕೈ ಹಾಕಿದಾಗ ನೀನು ಅಲ್ಲಿಂದ, ಬೇಡ ಬೇಡ ಎಂದು ನಿನ್ನ ತಲೆಯನ್ನೇ ಎರಡು ಕೈಯಲ್ಲಿ ಒತ್ತಿ ತೋರಿಸಿದೆ. ಅತ್ತೆಯವರು ಕೈ ಮುಗಿದರು. ನನಗೆ ಎಲ್ಲ ಕಾಣುತ್ತಿತ್ತು. ಅವಳು ಹೋಗುತ್ತಿದ್ದಳು. ಬಿಚ್ಚಿದೆ.

ಅವಳು ನೋಡಿದಳು. ಹಾಗೇ ದಡದ ಬಂಡೆಯೊಂದರ ಮೇಲೆ ಕುಸಿದು ಕೂತಳು. ನೀವಿಬ್ಬರೂ ಅವಳ ಮೇಲೆ ಬಾಗಿದಿರಿ, ಆಮೇಲೆ ನನಗೆ ನಿಮ್ಮ ಬೆನ್ನು ಮಾತ್ರ ಕಾಣಿಸಿತು. ಮಳೆ ಜೋರಾಯಿತು, ಅದೂ ಕಾಣಿಸಲಿಲ್ಲ. ಕತ್ತಲಾಗುವವರೆಗೆ ಬರಿ ತಲೆಯಲ್ಲಿ ನಿಂತಿದ್ದೆ. ಈಜಲು ಬಂದಿದ್ದರೂ ಆ ನೀರಿಗೆ ಇಳಿಯಲು ಆಗುತ್ತಿರಲಿಲ್ಲ.

ಅವಳು ಏನಂದಳು? ಅವಳಿಗೆ ಏನಾಯಿತು? ಮೂರು ದಿನದಿಂದ ಇಲ್ಲೇ ಕಾಯುತ್ತಿದ್ದೇನೆ. ನೀರು ಇಳಿಯುತ್ತಿಲ್ಲ. ನಾಳೆ ಕೆಲಸಕ್ಕೆ ಹೋಗದಿದ್ದರೆ ಕೆಲಸವಿಲ್ಲ ಎಂದು ಶಿವಯ್ಯನವರು ಹೇಳಿಕಳಿಸಿದ್ದಾರೆ.

ಚನ್ನಕೇಶವ


ಕಳಸದ ಹೊಳೆಯಾಚೆ
೨೭ ಜುಲೈ ೧೯೩೬

ಭಾವ,

ದೋಣಿ ಇವತ್ತು ಬಿಟ್ಟರು. ಮೊದಲು ಇದನ್ನು ತಿಳಿದುಕೋ: ತಂಗಿ ಇದ್ದಾಳೆ, ಚೆನ್ನಾಗಿದ್ದಾಳೆ ಎನ್ನಲಾರೆ, ಮಗು ಆಡುತ್ತಿದೆ ಎಂದು ಮರಿಯಮ್ಮ ಹೇಳುತ್ತಾಳೆ.

ಬಂಡೆಯ ಮೇಲೆ ಕೂತವಳು "ಮಾವ" ಅಂದಳು. ಅಷ್ಟೆ. ಅಮ್ಮ ಗಾಬರಿಯಲ್ಲಿ, ಹರಕೆ ಕಣೇ, ತಿರುಪತಿಗೆ ಮುಡಿ ಕೊಟ್ಟಿದಾರೆ ಎಂದಳು. ತಂಗಿ ಅವಳ ಕೈ ಬಿಡಿಸಿಕೊಂಡಳು. "ಬಸುರಿ ಹೆಂಡ್ತಿ ಇಟ್ಕೊಂಡು ಅವರು ಹೆತ್ತವರಿಗಲ್ದೆ ಇನ್ಯಾರಿಗಮ್ಮ ತಲೆ ಕೊಡ್ತಾರೆ?" ಆಮೇಲೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ, ಇಷ್ಟು ದಿನ ಅತ್ತಿದ್ದೆಲ್ಲ ಇವರಿಗಾಯ್ತು, ಮಾವನಿಗೆ ಈಗ ಮೊದಲಿಂದ ಅಳಬೇಕು ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಬಂದು ಸಾವಿನ ಸ್ನಾನ ಮಾಡಬೇಕು ಎಂದು ಹಟ ಹಿಡಿದಳು. ಅಮ್ಮನೇ ನೀರು ಕಾಯಿಸಿ ಹೊಯ್ದಳು. ಬಚ್ಚಲಲ್ಲಿ ಇಬ್ಬರೂ ಅಳುವುದು ಕೇಳಿಸಿತು.

ಅಮ್ಮ ನಿನ್ನ ತಲೆಯ ಮಾತೆತ್ತಿಲ್ಲ. ದೇವರ ಮುಂದೆ ಮುಡಿಪು ಕಟ್ಟಿ ಇಟ್ಟಿದ್ದಾಳೆ. ತಂಗಿಗೆ ಹೆದರಿಕೆ ಇದೆ. ಕೇಳಿದರೆ ಇಲ್ಲ ಎನ್ನುತ್ತಾಳೆ, ಮಗು ಸ್ವಲ್ಪ ಹೊತ್ತು ಆಡದಿದ್ದರೆ ಕೆಲಸ ಬಿಟ್ಟು ನಿಲ್ಲುತ್ತಾಳೆ.

ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಇನ್ನು ಮೇಲೆ ಕಾಗದ ಬಂದರೆ ಪಕ್ಕದಲ್ಲಿ ಕೂತು ಒಂದೊಂದು ಮಾತಿನ ಮೇಲೂ ಬೆರಳಿಟ್ಟು ಓದಬೇಕು, ಎರಡು ಸಲ ಓದಬೇಕು ಎಂದಳು. ಒಪ್ಪಿಕೊಂಡಿದ್ದೇನೆ. ನಿನ್ನ ಮೇ ತಿಂಗಳ ಹಾಳೆಯನ್ನು ಅಮ್ಮ ಒಲೆಗೆ ಹಾಕಿದ್ದಳು. ಅದನ್ನು ಮತ್ತೆ ಬರೆದು ಕಳಿಸು.

ಕೃಷ್ಣಪ್ಪ


ತೋಟದಿಂದ
೮ ಆಗಸ್ಟ್ ೧೯೩೬

ರಾಮಮ್ಮನಿಗೆ,

ನಿನ್ನ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಅಣ್ಣಯ್ಯನ ಬೆರಳು ಈಗ ಅದರ ಮೇಲಿರಬೇಕು.

ಅಪ್ಪ ಮೇ ತಿಂಗಳಲ್ಲಿ, ಮಧ್ಯಾಹ್ನ ಹೋದರು. ಬಹಳ ಒದ್ದಾಡಲಿಲ್ಲ. ಜ್ವರದಲ್ಲಿ ನೀನು ಒಳಗೆ ಅಡುಗೆಮನೆಯಲ್ಲಿದ್ದೀಯ ಎಂದು ಎಣಿಸಿ, ಸೊಸೆ ಉಂಡಳಾ ಎಂದು ಕೇಳಿದರು. ಉಂಡಿದ್ದಾಳೆ ಎಂದು ಅತ್ತಿಗೆ ಹೇಳಿದರು. ನಾನು ಸುಮ್ಮನಿದ್ದೆ, ಯಾಕೆಂದರೆ ನೀನು ಉಂಡಿದ್ದೀಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ತಲೆ ಬೋಳಿಸುವಾಗ ನಾನು ಏಳಬಹುದಿತ್ತು. ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಏಳಬೇಕಿತ್ತೇ ಎಂದು ದಿನಾ ಕೇಳಿಕೊಳ್ಳುತ್ತೇನೆ. ಏಳಬೇಕಿತ್ತು ಎಂದು ಒಂದು ದಿನ ಅನಿಸುತ್ತದೆ, ಅಪ್ಪನಿಗೆ ಅಷ್ಟೂ ಮಾಡದೆ ಹೇಗೆ ಎಂದು ಇನ್ನೊಂದು ದಿನ. ಎರಡೂ ನಿಜ. ಏನಾದರೂ ಆದರೆ ಅತ್ತೆಯವರು ನನ್ನ ತಲೆಯನ್ನೇ ನೋಡುತ್ತಾರೆ. ನೀನೂ ನೋಡುತ್ತೀಯ. ನೋಡಬೇಡ ಎಂದು ಹೇಳುವ ಹಕ್ಕು ನನಗಿಲ್ಲ.

ಮುಂದಲೆಯ ಕೂದಲನ್ನು ಕೆಳಗೆ ಎಳೆದು ನೋಡಿದೆ, ಅರ್ಧ ಹಣೆಗೆ ಬರುತ್ತದೆ, ಅಷ್ಟೆ. ನಿನ್ನ ದಿನ ತುಂಬುವ ಹೊತ್ತಿಗೆ ಮೂಗಿನ ಹತ್ತಿರವೂ ಬರುವುದಿಲ್ಲ. ಬೇಗ ಬಾ ಎಂದರೆ ಅದು ಬರುವಂಥದಲ್ಲ.

ಗೌರಿ ಹಬ್ಬದ ಮುಂಚೆ ಬರುತ್ತೇನೆ. ದೊರೆಯನ್ನು ರಜೆ ಕೇಳಿದ್ದೇನೆ, ಕೊಟ್ಟಿಲ್ಲ. ಕೊಡದಿದ್ದರೂ ಬರುತ್ತೇನೆ. ಒಳಗೆ ಮರಿಯಮ್ಮ ಇರುತ್ತಾಳೆ, ಅತ್ತೆಯವರು ಇರುತ್ತಾರೆ. ನನ್ನಿಂದ ಅಲ್ಲಿ ಏನೂ ಆಗುವುದಿಲ್ಲ ಎಂದು ಗೊತ್ತು. ಆಗದಿದ್ದರೆ ಬೇಡ. ಇಲ್ಲಿ ಕೂತಿರುವುದರ ಬದಲು ನಿನ್ನ ಬಾಗಿಲ ಹೊರಗೆ ಕೂತಿರುತ್ತೇನೆ.

ಚನ್ನಕೇಶವ